ನಮ್ಮ ತೋಟದ ಎಲೆ, ಬೀಗ ಹಾಕಿದ ಲೇಖನ

ಮೂರು ವರ್ಷದ ಹಿಂದಿನ ಮಾತು. ಆಗಷ್ಟೇ ಮಳೆ ಸ್ವಲ್ಪ ಹೊಳವಾಗಿತ್ತು. ಇಸಳೂರಿನ ನಮ್ಮ ತೋಟಕ್ಕೆ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಬಂದರು. ಅಡಿಕೆ ಎಲೆಚುಕ್ಕೆ ರೋಗದ ಬಗ್ಗೆ ಅಧ್ಯಯನ ಮಾಡ್ತಾ ಇದ್ದೇವೆ, ಎಲೆ ಮಾದರಿ ಬೇಕು ಅಂದರು. ಅಪ್ಪಯ್ಯ ಕೊಡೆ ಹಿಡಿದು ಇಡೀ ತೋಟ ಸುತ್ತಿಸಿದ. ಯಾವ ಬಣ್ಣದಲ್ಲಿ ಮೊದಲು ಚುಕ್ಕೆ ಕಂಡಿತು, ಯಾವ ಮರದಿಂದ ಯಾವ ಮರಕ್ಕೆ ಹೋಯಿತು, ಯಾವಾಗ ಯಾವ ಮದ್ದು ಹೊಡೆದೆವು ಎಲ್ಲವನ್ನೂ ಹೇಳಿದ. ನಾನು ದೋಟಿ ಹಿಡಿದು ಎಲೆ ಕೊಯ್ದುಕೊಟ್ಟೆ. ಆಯಿ ಆಸರಿಗೆ ಕೊಟ್ಟಳು. ಹೊರಡುವಾಗ ಅಪ್ಪಯ್ಯ ಒಂದೇ ಮಾತು ಕೇಳಿದ್ದ: "ಎಂತ ಗೊತ್ತಾಯ್ತು ಅಂತ ನಮಗೂ ಒಂದು ಮಾತು ತಿಳಿಸಿ."

"ಖಂಡಿತ ತಿಳಿಸ್ತೇವೆ ಸರ್" ಅಂದು ಹೋದರು.

ಎರಡು ಮಳೆಗಾಲ ಹೋಯಿತು. ಹೋದ ವರ್ಷ ಒಂದು ರಾತ್ರಿ ನಾನೇ ಮೊಬೈಲ್‌ನಲ್ಲಿ ಹುಡುಕಿದೆ. ಲೇಖನ ಸಿಕ್ಕಿತು, ವಿದೇಶಿ ಜರ್ನಲ್ ಒಂದರಲ್ಲಿ. ಮೇಲೆ ಶೀರ್ಷಿಕೆ, ಕೆಳಗೆ ಹತ್ತು ಸಾಲಿನ ಸಾರಾಂಶ, ಸಾರಾಂಶದೊಳಗೆ ನಮ್ಮ ತಾಲ್ಲೂಕಿನ ಹೆಸರೂ ಇತ್ತು. ಅದರ ಕೆಳಗೆ ಒಂದು ಬಟನ್. ಪೂರ್ತಿ ಓದಬೇಕಾದರೆ ಡಾಲರ್‌ನಲ್ಲಿ ದುಡ್ಡು ಕಟ್ಟಬೇಕು. ಲೆಕ್ಕ ಹಾಕಿದರೆ ಮೂರು ಸಾವಿರ ರೂಪಾಯಿ ದಾಟುತ್ತಿತ್ತು.

ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಕೇಳಿದ, "ಎಂತ ಇದ್ದಡ ತಮಾ ಅದ್ರಲ್ಲಿ?"

"ದುಡ್ಡು ಕೊಟ್ರೆ ಮಾತ್ರ ಓದ್ಲಾಗ್ತಡ ಅಪ್ಪಯ್ಯ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಎಲೆಯೂ ನಮ್ದು, ದುಡ್ಡೂ ನಮ್ದೇಯ?"

ಅಪ್ಪಯ್ಯನ ಆ ಪ್ರಶ್ನೆಯೇ ಈ ವಾರದ ಬರಹ. ಗೊಬ್ಬರ, ಮದ್ದು, ಧಾರಣೆ ಬಗ್ಗೆ ಓದಲು ಬಂದವರಿಗೆ ಇದೇನು ಅನ್ನಿಸಬಹುದು. ಆದರೆ ಯಾವ ಮದ್ದು, ಎಷ್ಟು, ಯಾವಾಗ ಅನ್ನೋದು ಎಲ್ಲಿಂದ ಹುಟ್ಟಿ ಬರುತ್ತದೋ ಆ ಮೂಲಕ್ಕೇ ಬೀಗ ಬಿದ್ದಿದ್ದರೆ ಅದು ಕೃಷಿಯ ವಿಷಯವೇ. ನಾನು ಹೇಳೋದು ಇಷ್ಟೇ: ಸಾರ್ವಜನಿಕರ ದುಡ್ಡಿನಿಂದ ನಡೆದ ಸಂಶೋಧನೆಯ ಪ್ರತಿಯೊಂದು ಲೇಖನದ ಒಂದು ಪ್ರತಿ, ಅದು ಪ್ರಕಟವಾದ ದಿನವೇ, ಯಾರು ಬೇಕಾದರೂ ಓದಬಹುದಾದ ಒಂದು ಮುಕ್ತ ಭಂಡಾರದಲ್ಲಿ ಇರಬೇಕು. ಇದು ಯಾರ ಉಪಕಾರವೂ ಅಲ್ಲ. ದುಡ್ಡು ಕೊಟ್ಟವರಿಗೆ ಒಪ್ಪಿಸಬೇಕಾದ ಲೆಕ್ಕ.

ದುಡ್ಡು ಯಾರದ್ದು?

"ರೈತರು ತೆರಿಗೆ ಕಟ್ಟಲ್ವಲ್ಲ" ಅಂತ ಕೆಲವರು ಹೇಳ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಮೈಲುತುತ್ತ ತಂದಾಗ, ದೋಟಿ ತಂದಾಗ, ಮೋಟಾರು ಕೊಂಡಾಗ, ಮೊಬೈಲ್ ರಿಚಾರ್ಜ್ ಮಾಡಿದಾಗ ಜಿಎಸ್‌ಟಿ ಕಟ್ಟೋರು ನಾವೇ. ಡೀಸೆಲ್ ಮೇಲಿನ ತೆರಿಗೆ ಬೇರೆ. ಆ ದುಡ್ಡಿನಿಂದಲೇ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದ್ರೆ ಐಸಿಎಆರ್, ನಡೆಯುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ ಮತ್ತು ಅದರ ವಿಟ್ಲದ ಕೇಂದ್ರ ನಡೆಯುತ್ತವೆ. 1972ರಲ್ಲಿ ಬಿಡುಗಡೆಯಾದ 'ಮಂಗಳ' ಅಡಿಕೆ ತಳಿ ಅಲ್ಲಿಂದಲೇ ಬಂದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅವುಗಳ ಶಿರಸಿಯ ಕಾಲೇಜುಗಳು, ನಮ್ಮ ಕೃಷಿ ವಿಜ್ಞಾನ ಕೇಂದ್ರ ಎಲ್ಲವೂ ಸರ್ಕಾರದ ದುಡ್ಡಿನವೇ. ಅಲ್ಲಿನ ಸಂಬಳ, ಲ್ಯಾಬು, ಜೀಪು, ವಿದ್ಯಾರ್ಥಿವೇತನ ಎಲ್ಲಕ್ಕೂ ನಮ್ಮ ಪಾಲಿದೆ. ಅದರ ಮೇಲೆ ನಮ್ಮ ತೋಟ, ನಮ್ಮ ಎಲೆ, ನಮ್ಮ ಅನುಭವ.

ನೂರು ವರ್ಷದ ಹಿಂದೆ ಹೀಗಿರಲಿಲ್ಲ

ಕೊಳೆ ರೋಗದ ಕಥೆ ನೋಡಿ. ಇವತ್ತು ಮಳೆಗಾಲಕ್ಕೆ ಮುಂಚೆ ಕೊನೆಗೌಡರನ್ನು ಹುಡುಕಿಕೊಂಡು ಓಡಾಡ್ತೇವಲ್ಲ, ಬೋರ್ಡೋ ಹೊಡೆಸಲಿಕ್ಕೆ, ಅದರ ಹಿಂದೆ ಒಂದು ಸರ್ಕಾರಿ ಪುಸ್ತಿಕೆ ಇದೆ. ಕೆನಡಾದ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಮುಂದೆ ಅಲ್ಲಿನ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರು ಮಲೆನಾಡಿನ ಕೊಳೆ ರೋಗವನ್ನು ಅಭ್ಯಾಸ ಮಾಡಿದರು. ಇದು ಒಂದು ಶಿಲೀಂಧ್ರದ ಕೆಲಸ ಅಂತ ವಿವರಿಸಿದರು. 1910ರಲ್ಲಿ ಮೈಸೂರು ಕೃಷಿ ಇಲಾಖೆ ಅದನ್ನು ತನ್ನದೇ ಬುಲೆಟಿನ್ ಆಗಿ ಅಚ್ಚು ಹಾಕಿತು. ದುಡ್ಡೂ ಸರ್ಕಾರದ್ದು, ಪುಸ್ತಿಕೆಯೂ ಸರ್ಕಾರದ್ದು. ನಡುವೆ ಬೀಗ ಹಾಕೋರು ಯಾರೂ ಇರಲಿಲ್ಲ.

ಬೋರ್ಡೋ ದ್ರಾವಣವಾದರೂ ನಮ್ಮ ಊರಿನದ್ದಲ್ಲ. ಫ್ರಾನ್ಸಿನ ಬೋರ್ಡೋ ಪಟ್ಟಣದ ಪ್ರೊಫೆಸರ್ ಮಿಲಾರ್ಡೆ, ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಕೆಲಸ ಮಾಡುತ್ತದೆ ಅಂತ 1885ರಲ್ಲಿ ಪ್ರಕಟಿಸಿದರು. ಇಪ್ಪತ್ತೈದು ವರ್ಷದೊಳಗೆ ಅದು ಮಲೆನಾಡಿನ ಅಡಿಕೆ ಮರದ ತುದಿಗೆ ಬಂದಿತ್ತು. ಆಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೈಸೂರು ರಾಜ್ಯದಲ್ಲಿ ಇರಲೂ ಇಲ್ಲ, ಮುಂಬೈ ಪ್ರಾಂತ್ಯದಲ್ಲಿದ್ದವು. ಆದರೂ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅನ್ನುವ ಲೆಕ್ಕ ಇವತ್ತು ನಮ್ಮೂರಿನ ಶಾಲೆ ಹುಡುಗನಿಗೂ ಬಾಯಿಪಾಠ. ಕೊನೆಗೆ ಕೊಟ್ಟೆ ಕಟ್ಟಿಯೇ ಕೊಳೆ ತಡೆಯಬೇಕಾಗಿದ್ದ ಕಾಲದಿಂದ ಇಲ್ಲಿಗೆ ಬಂದಿದ್ದೇವೆ. ತಿಳಿವಳಿಕೆಗೆ ಬಾಗಿಲು ಹಾಕದೇ ಇದ್ದರೆ ಅದು ಗಡಿ ದಾಟಿ ಬರುತ್ತದೆ.

ಬೀಗ ಬೀಳೋದು ಹೇಗೆ?

ಇದನ್ನು ತಿಳಿದುಕೊಂಡರೆ ಯಾರನ್ನು ಬೈಯಬೇಕು, ಯಾರನ್ನು ಬೈಯಬಾರದು ಅಂತ ಗೊತ್ತಾಗುತ್ತದೆ.

ವಿಜ್ಞಾನಿ ಸಂಶೋಧನೆ ಮಾಡಿ ಲೇಖನ ಬರೆದು ಜರ್ನಲ್‌ಗೆ ಕಳಿಸುತ್ತಾರೆ. ಜರ್ನಲ್ ಅದನ್ನು ಅದೇ ವಿಷಯದ ಬೇರೆ ವಿಜ್ಞಾನಿಗಳಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತದೆ. ಬರೆದವರಿಗೂ ದುಡ್ಡಿಲ್ಲ, ಸಾಮಾನ್ಯವಾಗಿ ಪರೀಕ್ಷೆ ಮಾಡಿದವರಿಗೂ ದುಡ್ಡಿಲ್ಲ. ತಿದ್ದಿ ಒಪ್ಪಿಗೆಯಾದ ಮೇಲೆ ಹೆಚ್ಚಿನ ಜರ್ನಲ್‌ಗಳು ಲೇಖಕರಿಂದ ಹಕ್ಕು ಬರೆಸಿಕೊಳ್ಳುತ್ತವೆ. ಆಮೇಲೆ ಲೇಖನ ಪ್ರಕಾಶಕರದ್ದು. ಓದಬೇಕಾದವರು ದುಡ್ಡು ಕೊಡಬೇಕು. ಬರೆದವರು ಕೆಲಸ ಮಾಡುವ ಸಂಸ್ಥೆಯ ಲೈಬ್ರರಿಯೂ ಕೊಡಬೇಕು.

ಇದರಿಂದ ಹೊರಬರಲು ಮೂರು ದಾರಿ ಇವೆ.

ಒಂದು, ಸರ್ಕಾರವೇ ಎಲ್ಲರ ಪರವಾಗಿ ಚಂದಾ ಕಟ್ಟೋದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆ ಇದೇ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳ ಒಳಗಿರುವವರಿಗೆ ಇದು ದೊಡ್ಡ ಉಪಕಾರ. ಸಣ್ಣ ಊರಿನ ಕಾಲೇಜಿನ ಹುಡುಗಿಗೂ ಈಗ ಓದಲು ಸಿಗುತ್ತದೆ, ಒಳ್ಳೆಯದೇ. ಆದರೆ ಕಾಲೇಜು ಮುಗಿಸಿ ತೋಟಕ್ಕೆ ಬಂದವನಿಗೆ? ಅವನು ಯಾವ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ. ನಾನೂ ಇಲ್ಲ, ನೀವೂ ಇಲ್ಲ. ಮತ್ತೆ ಚಂದಾ ನಿಂತ ದಿನ ಬಾಗಿಲೂ ಮುಚ್ಚುತ್ತದೆ. ಗೇಣಿಗೆ ತಂದ ಜಮೀನಿನ ಹಾಗೆ.

ಎರಡು, ಲೇಖಕರೇ ಜರ್ನಲ್‌ಗೆ ದುಡ್ಡು ಕಟ್ಟಿ ಲೇಖನವನ್ನು ಮುಕ್ತ ಮಾಡಿಸೋದು. ದೊಡ್ಡ ಜರ್ನಲ್‌ಗಳಲ್ಲಿ ಇದು ಲಕ್ಷಗಳ ಲೆಕ್ಕಕ್ಕೆ ಹೋಗುತ್ತದೆ. ಕೃಷಿ ಕಾಲೇಜಿನ ಒಬ್ಬ ಸಂಶೋಧನಾ ವಿದ್ಯಾರ್ಥಿ ಎಲ್ಲಿಂದ ತರಬೇಕು?

ಮೂರನೆಯದು ನಾನು ಹೇಳುತ್ತಿರುವ ದಾರಿ. ಲೇಖನ ಯಾವ ಜರ್ನಲ್‌ನಲ್ಲಿ ಬೇಕಾದರೂ ಬರಲಿ. ಪರೀಕ್ಷೆಯಾಗಿ, ತಿದ್ದಿ, ಒಪ್ಪಿಗೆಯಾದ ಕೊನೆಯ ಹಸ್ತಪ್ರತಿ ಇರುತ್ತದಲ್ಲ, ಲೇಖಕರ ಕಂಪ್ಯೂಟರಿನಲ್ಲೇ ಇರುವ ಫೈಲು, ಅದನ್ನು ಸಂಸ್ಥೆಯ ಮುಕ್ತ ಭಂಡಾರಕ್ಕೆ ಹಾಕೋದು. ಪ್ರಕಾಶಕರು ಅಂದವಾಗಿ ಪುಟ ಕಟ್ಟಿದ ಪ್ರತಿ ಅವರ ಹತ್ತಿರವೇ ಇರಲಿ. ನಮಗೆ ಬೇಕಾದ್ದು ಒಳಗಿನ ವಿಷಯ, ಕೋಷ್ಟಕ, ಪ್ರಮಾಣ. ಎಷ್ಟೋ ಪ್ರಕಾಶಕರು ಹಸ್ತಪ್ರತಿಯನ್ನು ಹೀಗೆ ಇಡಲು ಒಪ್ಪುತ್ತಾರೆ, ಕೆಲವರು ಇಷ್ಟು ತಿಂಗಳು ಕಳೆದ ಮೇಲೆ ಅಂತ ಷರತ್ತು ಹಾಕುತ್ತಾರೆ. ಫೈಲು ಹಾಕಲು ಹಿಡಿಯೋದು ಅರ್ಧ ಗಂಟೆಯ ಕೆಲಸ.

ಇದು ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಲೇಖನಗಳ ಇಂಥ ಭಂಡಾರವನ್ನು 2002ರಲ್ಲೇ ಶುರು ಮಾಡಿತು. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಭಂಡಾರವೂ ದೊಡ್ಡದೇ. ಆ ಸಂಸ್ಥೆಯ ಒಂದು ಕೇಂದ್ರ ನಮ್ಮ ಜಿಲ್ಲೆಯ ಕಾರವಾರದಲ್ಲೇ ಇದೆ. ಬೂತಾಯಿ, ಬಂಗಡೆ ಬಗ್ಗೆ ತಿಳಿಯಬೇಕಾದ ಕರಾವಳಿಯ ಹುಡುಗ ಮೊಬೈಲ್‌ನಲ್ಲೇ ಓದಬಹುದು. ಘಟ್ಟದ ಮೇಲಿನ ನಮಗೂ ಅದೇ ಅನುಕೂಲ ಬೇಕು.

ನಿಯಮ ಇದೆ, ರೂಢಿ ಆಗಬೇಕು

ಹೊಸ ಕಾನೂನು ಬೇಕು ಅಂತ ನಾನು ಹೇಳ್ತಾ ಇಲ್ಲ. ಐಸಿಎಆರ್ 2013ರ ಸೆಪ್ಟೆಂಬರ್‌ನಲ್ಲೇ ಮುಕ್ತ ಲಭ್ಯತೆಯ ನೀತಿ ತಂದಿದೆ. ಪ್ರತಿ ಸಂಸ್ಥೆಗೂ ಮುಕ್ತ ಭಂಡಾರ ಇರಬೇಕು. ವಿಜ್ಞಾನಿಗಳು ಲೇಖನದ ಅಂತಿಮ ಹಸ್ತಪ್ರತಿಯನ್ನು ಅಲ್ಲಿ ಇಡಬೇಕು. ಎಂ.ಎಸ್ಸಿ., ಪಿಎಚ್.ಡಿ. ಪ್ರಬಂಧಗಳನ್ನೂ ಇಡಬೇಕು. ಪ್ರಕಾಶಕರ ಷರತ್ತಿದ್ದರೂ 12 ತಿಂಗಳು ಮೀರಬಾರದು. ಇದು ಅದರ ಸಾರ. 2014ರ ಡಿಸೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಮತ್ತು ವಿಜ್ಞಾನ ಇಲಾಖೆಗಳೂ ತಮ್ಮ ಅನುದಾನದ ಸಂಶೋಧನೆಗೆ ಇಂಥದ್ದೇ ನೀತಿ ತಂದವು.

ಭಂಡಾರವೂ ಇದೆ. ಅದರ ಹೆಸರು 'ಕೃಷಿಕೋಶ'. ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಿಂದ ನಡೆಯುತ್ತದೆ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು, ಹಳೆ ಬುಲೆಟಿನ್‌ಗಳು ಅಲ್ಲಿ ಸಿಗುತ್ತವೆ. ನಮ್ಮ ಧಾರವಾಡ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಇವೆ. ಐಸಿಎಆರ್ ತನ್ನದೇ 'ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್' ಅನ್ನು ಉಚಿತವಾಗಿ ಓದಲು ಬಿಟ್ಟಿದೆ. ಧಾರವಾಡದ 'ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್' ಕೂಡ ಹಾಗೆಯೇ. ಇದನ್ನೆಲ್ಲ ಮಾಡಿದವರಿಗೆ ನಮಸ್ಕಾರ ಹೇಳಲೇಬೇಕು.

ಹಾಗಾದರೆ ತಕರಾರು ಏನು? ಕಣಜ ಕಟ್ಟಿದ್ದಾರೆ, ಭತ್ತ ತಂದು ಸುರಿಯುವ ಕೆಲಸ ಎಲ್ಲರೂ ಮಾಡ್ತಾ ಇಲ್ಲ. ನನ್ನ ವಿಷಯದಲ್ಲೇ ನೋಡಿ. ಆ ಲೇಖನ ಸಿಗದೇ ಇದ್ದಾಗ ಸಾರಾಂಶದ ಕೆಳಗಿದ್ದ ಇಮೇಲ್‌ಗೆ ನಾಲ್ಕು ಸಾಲು ಬರೆದೆ. "ನಾನು ಇಸಳೂರಿನ ಅಡಿಕೆ ಬೆಳೆಗಾರ. ನಮ್ಮ ತೋಟದಿಂದಲೂ ಮಾದರಿ ಕೊಟ್ಟಿದ್ದೆವು. ಓದಲು ಒಂದು ಪ್ರತಿ ಕಳಿಸಬಹುದಾ?" ಎರಡೇ ದಿನಕ್ಕೆ ಪಿಡಿಎಫ್ ಬಂತು. ಜೊತೆಗೆ ಒಂದು ಕ್ಷಮೆಯ ಮಾತೂ ಇತ್ತು. ಬೇರೆ ಕಡೆ ಹಾಕಿದರೆ ಪ್ರಕಾಶಕರು ತಕರಾರು ಮಾಡ್ತಾರೆ ಅಂದುಕೊಂಡಿದ್ದರಂತೆ. ಹಸ್ತಪ್ರತಿಯನ್ನು ಭಂಡಾರಕ್ಕೆ ಹಾಕಬಹುದು ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಬೀಗ ಹಾಕಿದ್ದು ಅವರಲ್ಲ. ಬೀಗದ ಕೈ ತಮ್ಮ ಕಿಸೆಯಲ್ಲೇ ಇದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

12 ತಿಂಗಳು ಅಂದ್ರೆ ಒಂದು ಮಳೆಗಾಲ

ನೀತಿಯಲ್ಲಿ ನನಗೆ ಒಪ್ಪಿಗೆ ಇಲ್ಲದ ಒಂದು ಅಂಶ ಇದೆ, ಆ 12 ತಿಂಗಳ ಗಡುವು. ಕಚೇರಿಯಲ್ಲಿ ಕೂತವರಿಗೆ ಅದು ಒಂದು ಕ್ಯಾಲೆಂಡರ್. ನಮಗೆ ಅದು ಒಂದು ಬೆಳೆ.

ಲೆಕ್ಕ ಹಾಕಿ. ಈ ಮಳೆಗಾಲದಲ್ಲಿ ಮಾದರಿ ತೆಗೆದುಕೊಂಡು ಹೋಗ್ತಾರೆ. ಲ್ಯಾಬಿನ ಕೆಲಸ, ಬರೆಯೋದು, ಜರ್ನಲ್‌ನ ಪರೀಕ್ಷೆ, ತಿದ್ದುಪಡಿ ಎಲ್ಲ ಸೇರಿ ಎರಡು ವರ್ಷ ಹಿಡಿದರೆ ಆಶ್ಚರ್ಯ ಇಲ್ಲ. ಅದರಲ್ಲಿ ಅವಸರ ಮಾಡಬಾರದು, ಸರಿಯಾಗಿ ಪರೀಕ್ಷೆ ಆಗಲೇಬೇಕು. ಆದರೆ ಎಲ್ಲ ಮುಗಿದು, ಇದು ಸರಿ ಅಂತ ಒಪ್ಪಿ, ಪ್ರಕಟವಾದ ಮೇಲೂ ಇನ್ನೊಂದು ವರ್ಷ ಕಾಯಬೇಕು ಅಂದ್ರೆ? ಎಲೆಚುಕ್ಕೆ ಒಂದು ವರ್ಷ ಕಾಯಲ್ಲ. ಮೇ ತಿಂಗಳಲ್ಲಿ ಪ್ರಕಟವಾದದ್ದು ಮುಂದಿನ ಮೇಗೆ ಕೈಗೆ ಬಂದರೆ ನಡುವೆ ಒಂದು ಪೂರ್ತಿ ಮಳೆಗಾಲ ಹೋಯಿತು. ಒಂದೂವರೆ ಎಕರೆಯವನಿಗೆ ಒಂದು ಮಳೆಗಾಲ ಅಂದ್ರೆ ಸೊಸೈಟಿ ಸಾಲದ ಒಂದು ವರ್ಷದ ಕಂತು.

ಅಮೆರಿಕದಲ್ಲೂ ಮೊದಲು ಇದೇ 12 ತಿಂಗಳು ಇತ್ತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್‌ಐಎಚ್, ತನ್ನ ದುಡ್ಡಿನ ಸಂಶೋಧನೆಗಳಿಗೆ 2025ರ ಜುಲೈ 1ರಿಂದ ಆ ಗಡುವನ್ನೇ ತೆಗೆದುಹಾಕಿದೆ. ಪ್ರಕಟವಾದ ದಿನವೇ ಎಲ್ಲರಿಗೂ ಲಭ್ಯ ಇರಬೇಕು. ಮನುಷ್ಯನ ರೋಗಕ್ಕೆ ಒಂದು ವರ್ಷ ಕಾಯೋದು ತಪ್ಪು ಅಂತಾದರೆ, ಮನುಷ್ಯನ ಹೊಟ್ಟೆ ಹೊರೆಯುವ ಬೆಳೆಯ ರೋಗಕ್ಕೆ ಕಾಯೋದು ಹೇಗೆ ಸರಿ? ಕನಿಷ್ಠ ಬೆಳೆ ರೋಗ, ಕೀಟದ ವಿಷಯದಲ್ಲಾದರೂ ಐಸಿಎಆರ್ ಈ ಗಡುವನ್ನು ಬಿಡಬೇಕು.

"ನಿಮಗೆ ಯಾಕೆ ಲೇಖನ? ಕರಪತ್ರ ಸಾಕಲ್ಲ"

ಈ ಮಾತನ್ನು ನಾನು ಒಳ್ಳೆಯ ಮನಸ್ಸಿನವರಿಂದಲೇ ಕೇಳಿದ್ದೇನೆ. ಅದರಲ್ಲಿ ಅರ್ಥ ಇಲ್ಲ ಅಂತಲ್ಲ. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿ ಇರುತ್ತವೆ, ಅದೂ ಕಠಿಣ ಇಂಗ್ಲಿಷು. ನಮ್ಮಲ್ಲಿ ಹೆಚ್ಚಿನವರು ಓದಲ್ಲ. ಅರ್ಧ ಓದಿ ತಪ್ಪು ಮದ್ದು ಹೊಡೆಯುವವರೂ ಇರಬಹುದು. ಕನ್ನಡದ ಕರಪತ್ರ, ಕೃಷಿ ವಿಜ್ಞಾನ ಕೇಂದ್ರದ ಫೋನು, ಇಂಥ ವಾರದ ಬರಹ ಇವೇ ಹೆಚ್ಚು ಜನರಿಗೆ ಮುಟ್ಟೋದು. ಒಪ್ಪುತ್ತೇನೆ.

ಆದರೆ ಕರಪತ್ರ ಹೇಳೋದು "ಇದನ್ನು ಹೊಡೆಯಿರಿ" ಅಂತ. ಲೇಖನ ಹೇಳೋದು ಬೇರೆ. ಎಷ್ಟು ಮರದ ಮೇಲೆ ನೋಡಿದರು? ಎಷ್ಟು ವರ್ಷ ನೋಡಿದರು? ಮದ್ದು ಹೊಡೆಯದೇ ಬಿಟ್ಟ ಮರಗಳಲ್ಲಿ ಏನಾಯಿತು? ಎಷ್ಟು ಮಳೆ ಬೀಳುವ ಊರಿನಲ್ಲಿ ನಡೆದ ಪ್ರಯೋಗ ಇದು? ಬಯಲುಸೀಮೆಯಲ್ಲಿ ನೋಡಿದ ಫಲಿತಾಂಶ ಜಡಿಮಳೆಯ ನಮ್ಮ ತೋಟಕ್ಕೆ ಹೊಂದುತ್ತದಾ? ಇದು ಗೊತ್ತಿಲ್ಲದೇ ಮದ್ದಿನ ಅಂಗಡಿಯವರು ಕೊಟ್ಟ ಬಾಟಲಿ ತಂದು ಸುರಿಯೋದನ್ನು ನಾವು ಎಷ್ಟು ಸಲ ಮಾಡಿಲ್ಲ?

ಮತ್ತೆ, ಊರಿನ ಎಲ್ಲರೂ ಓದಬೇಕಾಗಿಲ್ಲ. ಒಬ್ಬ ಓದಿದರೆ ಸಾಕು. ಈಗ ಪ್ರತಿ ಊರಿನಲ್ಲೂ ಬಿ.ಎಸ್ಸಿ. ಮಾಡಿ ತೋಟಕ್ಕೆ ಮರಳಿದ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದಾರೆ. ಅವರು ಓದಿ, ಸಂಘದ ಸಭೆಯಲ್ಲೋ ಮದುವೆಮನೆಯಲ್ಲೋ ಹತ್ತು ಜನಕ್ಕೆ ಹೇಳ್ತಾರೆ. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ರೈತರ ಕೈಯಲ್ಲೇ ಲೇಖನಿ ಕೊಟ್ಟು ನಡೆದಿದೆ. ರೈತನಿಗೆ ಓದಲು, ಬರೆಯಲು, ಪ್ರಶ್ನೆ ಕೇಳಲು ಬರಲ್ಲ ಅನ್ನುವವರು ಅದರ ಹಳೆ ಸಂಚಿಕೆ ತಿರುವಿ ನೋಡಲಿ.

ಇನ್ನೊಂದು ಮಾತು. ಅಡಿಕೆ ಒಂದು ವರ್ಷದ ಬೆಳೆ ಅಲ್ಲ. ಸಸಿ ನೆಟ್ಟು ಐದಾರು ವರ್ಷ ಕಾದು, ಆಮೇಲೆ ದಶಕಗಳ ಕಾಲ ಅದನ್ನೇ ನಂಬಿ ಬದುಕೋದು. ಯಾವ ತಳಿ ಅಂತ ಇವತ್ತು ತಪ್ಪು ನಿರ್ಧಾರ ಮಾಡಿದರೆ ಮಕ್ಕಳ ಕಾಲಕ್ಕೂ ಅದೇ ತೋಟ. ಅಂಥ ನಿರ್ಧಾರಕ್ಕೆ ಒಂದು ಪುಟದ ಕರಪತ್ರ ಸಾಲದು.

ವಿಜ್ಞಾನಿಗಳ ಕಷ್ಟವೂ ಕೇಳೋಣ

ವಿಜ್ಞಾನಿಗಳಿಗೆ ಬಡ್ತಿ, ಹೊಸ ಪ್ರಾಜೆಕ್ಟು ಎಲ್ಲದಕ್ಕೂ ಲೇಖನ ಎಲ್ಲಿ ಬಂತು ಅನ್ನೋದು ಮುಖ್ಯ. ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ, ಅಂದ್ರೆ ನಾಸ್, ಜರ್ನಲ್‌ಗಳಿಗೆ ಅಂಕ ಕೊಡುತ್ತದೆ. ಹೆಚ್ಚು ಅಂಕದ ಜರ್ನಲ್ ಬೇಕು ಅಂದಾಗ ವಿದೇಶಿ ಪ್ರಕಾಶಕರ ಹತ್ತಿರ ಹೋಗುತ್ತಾರೆ. ಭಂಡಾರಕ್ಕೆ ಹಾಕಿದ್ದಕ್ಕೆ ಪ್ರತ್ಯೇಕ ಅಂಕ ಸಿಗದಿದ್ದರೆ, ಪಾಠ, ಪರೀಕ್ಷೆ, ಮೀಟಿಂಗು, ಕ್ಷೇತ್ರ ಭೇಟಿಗಳ ನಡುವೆ ಆ ಅರ್ಧ ಗಂಟೆಯ ಕೆಲಸ ನಾಳೆ ಮಾಡೋಣ ಅಂತ ಉಳಿದುಹೋಗುತ್ತದೆ. ನಮ್ಮ ತೋಟದ ಕೆಲಸವೂ ಹಾಗೇ ಉಳಿಯಲ್ವಾ?

ಇದಕ್ಕೆ ಒಂದು ಸರಳ ಉಪಾಯವನ್ನು ಬೆಲ್ಜಿಯಂ ದೇಶದ ಲಿಯೇಜ್ ವಿಶ್ವವಿದ್ಯಾಲಯ ಮಾಡಿ ತೋರಿಸಿದೆ. ಅಲ್ಲಿನ ಮುಕ್ತ ಭಂಡಾರ 2008ರಲ್ಲಿ ಶುರುವಾಯಿತು. ಬಡ್ತಿ, ಮೌಲ್ಯಮಾಪನದ ಹೊತ್ತಿಗೆ ಭಂಡಾರದಲ್ಲಿ ಇಟ್ಟ ಲೇಖನಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತ ನಿಯಮ ಮಾಡಿದರು. ದಂಡ ಇಲ್ಲ, ಬೈಗುಳ ಇಲ್ಲ. ಭಂಡಾರ ತುಂಬಿತು. ನಮ್ಮ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳೂ ಇದೊಂದು ಸಾಲಿನ ಸುತ್ತೋಲೆ ಹೊರಡಿಸಲು ಏನೂ ಖರ್ಚಿಲ್ಲ.

ಅದಕ್ಕೆ ನನ್ನದೊಂದು ಸೇರಿಕೆ: ಪ್ರತಿ ಲೇಖನದ ಜೊತೆ ಒಂದು ಪುಟದ ಕನ್ನಡ ಸಾರಾಂಶವೂ ಭಂಡಾರದಲ್ಲಿರಲಿ. ನಮ್ಮ ತೋಟಕ್ಕೆ ಬಂದು ಕನ್ನಡದಲ್ಲೇ ಮಾತಾಡಿ ಮಾದರಿ ಒಯ್ದವರಿಗೆ ಒಂದು ಪುಟ ಕನ್ನಡ ಬರೆಯೋದು ಭಾರ ಆಗಲಾರದು.

ಮೊಬೈಲ್‌ನಲ್ಲಿ ಹೀಗೆ ಹುಡುಕಿ

ಬೀಗ ತೆಗೆಯುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ತೆರೆದಿರುವ ಬಾಗಿಲು ಈಗಾಗಲೇ ತುಂಬ ಇವೆ.

ಮೊದಲನೆಯದು, ಸಾಮಾನ್ಯ ಗೂಗಲ್ ಬದಲು 'ಗೂಗಲ್ ಸ್ಕಾಲರ್'ನಲ್ಲಿ ಹುಡುಕಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬೆಳೆಯ ಹೆಸರಿನ ಜೊತೆ ರೋಗಾಣುವಿನ ಹೆಸರನ್ನೂ ಹಾಕಿ. ಕೊಳೆ ರೋಗಕ್ಕಾದರೆ 'ಫೈಟಾಫ್ತೊರಾ', ಎಲೆಚುಕ್ಕೆಗೆ 'ಕೊಲೆಟೊಟ್ರೈಕಮ್'. ಊರಿನ ಹೆಸರಿಗಿಂತ ಇದರಿಂದ ಹೆಚ್ಚು ಸಿಗುತ್ತದೆ.

ಎರಡನೆಯದು, ಒಂದು ಕಡೆ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಬೇಡಿ. ಆ ಲೇಖನದ 'ಎಲ್ಲ ಆವೃತ್ತಿಗಳು' ಅನ್ನುವ ಕಡೆ ಒತ್ತಿ ನೋಡಿ. ಯಾವುದಾದರೂ ಭಂಡಾರದಲ್ಲಿ ಉಚಿತ ಪಿಡಿಎಫ್ ಇದ್ದರೆ ಸಿಗಬಹುದು.

ಮೂರನೆಯದು, ಕೃಷಿಕೋಶದಲ್ಲಿ ಪ್ರಬಂಧ ಹುಡುಕಿ. ಪ್ರಬಂಧ ಉದ್ದ ಇರುತ್ತದೆ, ಹೆದರಬೇಡಿ. ಮೊದಲು ಕೊನೆಯ ಸಾರಾಂಶ ಓದಿ, ಆಮೇಲೆ ಪ್ರಯೋಗ ಎಲ್ಲಿ ನಡೆಯಿತು ಅನ್ನುವ ಭಾಗ, ಆಮೇಲೆ ಕೋಷ್ಟಕ. ಇಷ್ಟೇ ಸಾಕು.

ನಾಲ್ಕನೆಯದು, ಎಲ್ಲೂ ಸಿಗದಿದ್ದರೆ ಲೇಖಕರಿಗೆ ಇಮೇಲ್ ಮಾಡಿ. ನಿಮ್ಮ ಹೆಸರು, ಊರು, ಬೆಳೆ, ಯಾಕೆ ಬೇಕು ಅಂತ ನಾಲ್ಕೇ ಸಾಲು. ಕೊನೆಗೆ ಇದನ್ನೂ ಸೇರಿಸಿ: "ನಿಮ್ಮ ಸಂಸ್ಥೆಯ ಭಂಡಾರಕ್ಕೆ ಒಂದು ಪ್ರತಿ ಹಾಕಿದರೆ ನಮ್ಮಂಥವರಿಗೆಲ್ಲ ಉಪಕಾರ ಆಗುತ್ತದೆ."

ಒಂದು ಎಚ್ಚರಿಕೆ. ಹಳೆ ಪ್ರಬಂಧದಲ್ಲಿ ಇದೆ ಅಂತ ಮದ್ದು ತಂದು ಹೊಡೆಯಬೇಡಿ. ಅಲ್ಲಿ ಎಂಡೋಸಲ್ಫಾನ್‌ನಂಥ ಹೆಸರೂ ಸಿಗಬಹುದು, ಅದಕ್ಕೆ 2011ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ಮೊಬೈಲ್‌ನ ಅನುವಾದವನ್ನೂ ಪ್ರಮಾಣದ ವಿಷಯದಲ್ಲಿ ನಂಬಬೇಡಿ, ಗ್ರಾಂ ಇದ್ದದ್ದು ಮಿಲಿ ಲೀಟರ್ ಆದರೆ ಮರ ಸುಡುತ್ತದೆ. ಓದಿದ್ದನ್ನು ಕೃಷಿ ವಿಜ್ಞಾನ ಕೇಂದ್ರದವರ ಮುಂದಿಟ್ಟು ಕೇಳಿ, ಆಮೇಲೆ ಹೊಡೆಯಿರಿ. ಲೇಖನ ಓದಿ ಹೋದರೆ ನಿಮ್ಮ ಪ್ರಶ್ನೆ ಚೊಕ್ಕ ಇರುತ್ತದೆ, ಅವರ ಉತ್ತರವೂ ಚೊಕ್ಕ ಬರುತ್ತದೆ.

ಮುಂದಿನ ಸಲ ಜೀಪು ಬಂದಾಗ

ನಮ್ಮ ಕೈಯಲ್ಲಿ ಇರುವ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮುಂದಿನ ಸಲ ನಿಮ್ಮ ತೋಟಕ್ಕೆ ಯಾರಾದರೂ ಮಣ್ಣು, ಎಲೆ, ಕಾಯಿ ಮಾದರಿ ಕೇಳಿಕೊಂಡು ಬಂದರೆ ಖಂಡಿತ ಕೊಡಿ. ಆಸರಿಗೂ ಕೊಡಿ. ಸಂಶೋಧನೆ ನಡೆಯದೇ ನಮಗೆ ಗತಿ ಇಲ್ಲ. ಆದರೆ ಅವರ ಹೆಸರು, ವಿಭಾಗ, ಇಮೇಲ್ ಬರೆದಿಟ್ಟುಕೊಳ್ಳಿ. ಹೊರಡುವ ಮೊದಲು ಎರಡು ಮಾತು ಕೇಳಿ: ಫಲಿತಾಂಶ ಬಂದಾಗ ನಮಗೆ ತಿಳಿಸ್ತೀರಾ? ಲೇಖನ ಬಂದಾಗ ಮುಕ್ತ ಭಂಡಾರಕ್ಕೆ ಹಾಕ್ತೀರಾ? ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಕೃಷಿ ಮೇಳದಲ್ಲಿ, ವಿಶ್ವವಿದ್ಯಾಲಯದವರು ವೇದಿಕೆ ಮೇಲಿದ್ದಾಗ ಇದನ್ನೇ ಎದ್ದು ನಿಂತು ಕೇಳಿ. ಜಗಳ ಬೇಡ, ಕೇಳಿದರೆ ಸಾಕು. ಹತ್ತು ಊರಿನವರು ಕೇಳಿದರೆ ಅದು ರೂಢಿ ಆಗುತ್ತದೆ.

ನನಗೆ ಬಂದ ಪಿಡಿಎಫ್ ಅನ್ನು ಎರಡು ಸಂಜೆ ಕೂತು ಓದಿದೆ. ಅರ್ಥವಾಗದ ಕಡೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ. ಆಮೇಲೆ ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿ ಅವನು ಹೇಳಿದ್ದು, "ಇದನ್ನ ಆಗಲೇ ಹೇಳಿದ್ರೆ ಹೋದ ಮಳೆಗಾಲಕ್ಕೇ ಬತ್ತಿತ್ತು." ಸರ್ಕಾರಕ್ಕೆ, ವಿಶ್ವವಿದ್ಯಾಲಯಕ್ಕೆ ನನ್ನದೂ ಅಷ್ಟೇ ಕೋರಿಕೆ. ಗೊತ್ತಾದದ್ದನ್ನು ಗೊತ್ತಾದ ವರ್ಷವೇ ನಮಗೂ ತಿಳಿಸಿ.